ಅಹಮದಸಾಬ ಕಟ್ಟಿದ ಹಳದಿ ಝಾಲರಿ

ಹುಬ್ಬಳ್ಳಿಯಲ್ಲಿ ಸರಕಾರ ಬದಲಾದ ಬಿಸಿ ಮೊದಲು ತಟ್ಟುವುದು ಪೆಂಡಾಲಿನ ಅಹಮದಸಾಬನಿಗೆ. ಗೆದ್ದವರ ಸನ್ಮಾನಕ್ಕೆ ವೇದಿಕೆ ಕಟ್ಟಬೇಕಲ್ಲ! ಹಳದಿ ಪಕ್ಷಕ್ಕೆ ಹಳದಿ ಝಾಲರಿ, ನೀಲಿ ಪಕ್ಷಕ್ಕೆ ನೀಲಿ. ಕಟ್ಟಿ ಬಿಚ್ಚುವುದರಲ್ಲೇ ಆತನ ಅರ್ಧ ಆಯುಷ್ಯ ಸವೆದು, ಹೆಗಲು ಸೋತಿದೆ. ಬಡವರ ಉದ್ಧಾರ ಮಾಡುತ್ತೇವೆಂದು ಎರಡೂ ಪಕ್ಷದವರು ಅದೇ ವೇದಿಕೆಯ ಮೇಲೆ ಗಂಟಲು ಹರಿದುಕೊಂಡರು. ಇವನ ಬಾಡಿಗೆ ಖೋಲಿಯ ತಗಡು ಮಾತ್ರ ಎಲ್ಲರ ಕಾಲದಲ್ಲೂ ಸೋರಿತು.

ಈಗ ನೀಲಿಯವರ ಸರಕಾರ. ಊರ ಹೊರಗಿನ ಸುಳ್ಳದ ರಸ್ತೆಯಲ್ಲಿ ಮನೆ ಹಂಚುವ ಕಾರ್ಯಕ್ರಮ. ಹೆಂಡತಿ ಗುಲ್ಜಾರಬಿಗೂ ಒಂದು ಮನೆ ಇದೆ, ವೇದಿಕೆಯಿಂದಲೇ ಹೆಸರು ಕೂಗಿ ಕೀಲಿ ಕೊಡುತ್ತಾರೆ ಎಂದು ವಾರ್ಡಿನ ಮುಖಂಡ ಹೇಳಿದ್ದ. ಅಧ್ಯಕ್ಷತೆ ಶಾಸಕ ಅರ್ಜುನಪ್ಪ ಸಾಹೇಬರದು ಎಂದದ್ದೇ ತಡ, ಅಹಮದಸಾಬನ ಕೈ ಹಳದಿ ಬಟ್ಟೆಯ ಗಂಟಿಗೆ ಹೋಯಿತು. ಅರ್ಜುನಪ್ಪನಿಗೆ ಯಾವಾಗಲೂ ಹಳದಿಯನ್ನೇ ಕಟ್ಟಿದ ಕೈ ಅದು. ಆ ಮನುಷ್ಯ ಚುನಾವಣೆಗೆ ಮುಂಚೆ ಪಕ್ಷ ಜಿಗಿದದ್ದು ಪಾಪ ಆ ಕೈಗೆ ನೆನಪಾಗಲಿಲ್ಲ.

ಮುಂಜಾನೆ ಮುಖಂಡ ಬಂದವನೇ ಕೆಂಡವಾದ.

"ಏನ್ರಿ ಸಾಬರ, ಯಾರ ಸರಕಾರ ಐತಿ ಈಗ?"

"ತಪ್ಪಾತ್ರಿ. ಸಾಹೇಬ್ರ ಹೆಸರು ಕೇಳಿ ರೂಢಿಲೆ ಕಟ್ಟೇನಿ. ಲಗೂ ಬಿಚ್ಚತೇನ್ರಿ."

"ರೂಢಿ ಅಲ್ಲ ಇದು. ನೀವು ಖರೇನ ಆ ಪಕ್ಷದವ್ರು. ಗೊತ್ತಾತು ಬಿಡ್ರಿ."

ಜನ ಸೇರುವುದರೊಳಗೆ ನೀಲಿ ಝಾಲರಿ ಏರಿತು. ನೀಲಿ ಶಾಲು ಹೊದ್ದ ಅರ್ಜುನಪ್ಪ ಸೋಫಾದಲ್ಲಿ ಆರಾಮಾಗಿ ಕುಳಿತ. ಹಬ್ಬದ ಸೀರೆ ಉಟ್ಟು ಬಂದಿದ್ದ ಗುಲ್ಜಾರಬಿ ಒಂದೊಂದು ಹೆಸರಿಗೂ ಸೆರಗು ಸರಿಮಾಡಿಕೊಂಡಳು. ಹೆಸರುಗಳು ಮುಗಿದವು, ರಾಷ್ಟ್ರಗೀತೆಯೂ ಆಯಿತು. ಆಕೆಯನ್ನು ಯಾರೂ ಕೂಗಲಿಲ್ಲ.

ಅಹಮದಸಾಬ ಕಾರಿನ ಹತ್ತಿರ ಹೋಗಿ ಕೈಮುಗಿದ. ಮುಖಂಡ ಅರ್ಜುನಪ್ಪನ ಕಿವಿಯಲ್ಲಿ ಏನೋ ಹೇಳಿದ. ಅರ್ಜುನಪ್ಪ ಹಳೇ ಪರಿಚಯದ ಸಲಿಗೆಯಿಂದ ಇವನ ಹೆಗಲ ಮೇಲೆ ಕೈಯಿಟ್ಟ.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಸಾಬರ. ಮೊದಲ ನಮ್ಮ ಪಕ್ಷದವ್ರಿಗೆ ಕೊಡಬೇಕಾಗತೈತಿ."

ಕಾರು ಹೋಯಿತು. ಅಹಮದಸಾಬನಿಗೆ ಸಿಟ್ಟು ಬರಬೇಕಿತ್ತು. ಅದಕ್ಕೂ ತ್ರಾಣ ಬೇಕಲ್ಲ, ಬರಲಿಲ್ಲ. ಏಣಿ ಹತ್ತಿ ನೀಲಿ ಝಾಲರಿ ಬಿಚ್ಚತೊಡಗಿದ.

"ಈ ಸಾಹೇಬ್ರು ಯಾವಾಗ ನೀಲಿಯವ್ರಾದ್ರು?" ಕೆಳಗೆ ನಿಂತ ಗುಲ್ಜಾರಬಿ ಕೇಳಿದಳು.

"ಈ ರಂಜಾನದಾಗ."

"ಮತ್ತ ನೀವು?"

"ಇವತ್ತ ಮುಂಜಾನಿ," ಎಂದ ಅಹಮದಸಾಬ. "ತಡಾ ಆತು."