ಎಂಟಾಗಿ ಕಂಡ ಸೆಕ್ಟರ್ ಮೂರು

"ಮಣ್ಣ ಹಾಕ್ರಿ ನನ್ನ ಮ್ಯಾಲ. ಆಮ್ಯಾಲ ನಿಮ್ಮ ಮನಿ ಕಟ್ಕೋರಿ."

ಹೀಗೆಂದು ನೀಲವ್ವ ಪಾಯದ ಗುಂಡಿಗೆ ಇಳಿದು ಕೂತೇಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೊಣಕಾಲಿಗೆ ಸುತ್ತಿಕೊಂಡು. ಮೇಲೆ ಸಲಿಕೆ ಹಿಡಿದಿದ್ದ ಕೆಲಸದವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಅವರ ಪಕ್ಕದಲ್ಲಿ ನಿಂತಿದ್ದವಳು ನಾನು. ಆ ಗುಂಡಿ ಅಲ್ಲಿ ಬಿದ್ದದ್ದೇ ನನ್ನಿಂದ. ಸಲಿಕೆ ಮುಟ್ಟಿರಲಿಲ್ಲ. ಮೌಸ್ ಮುಟ್ಟಿದ್ದೆ, ಅಷ್ಟೇ.

ನಮ್ಮೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದು ನಿಮಗೆ ಗೊತ್ತು. (ಈ ಅಂಕಣದಲ್ಲಿ ಅದಕ್ಕಾಗಿ ಎಷ್ಟು ಸಲ ಅತ್ತಿದ್ದೇನೋ!) ಬದಲಿಗೆ ಬೀಳಗಿ ಕಡೆ ಒಂದು ಪುನರ್ವಸತಿ ಕಾಲೊನಿ ಕೊಟ್ಟರು. ಅರ್ಧ ಜನ ಅಲ್ಲಿ ಮನೆ ಕಟ್ಟಿಕೊಂಡರು. ಉಳಿದವರು ನೌಕರಿ ಹಿಡಿದು ಜಮಖಂಡಿ, ಮುಧೋಳ, ಬನಹಟ್ಟಿ ಅಂತ ಚದುರಿಹೋದೆವು. ನಮ್ಮ ಪ್ಲಾಟುಗಳು ಖಾಲಿ ಬಿದ್ದವು. ಗಡಿಗೆ ನೆಟ್ಟಿದ್ದ ನಂಬರಿನ ಕಲ್ಲುಗಳು ಒಂದೊಂದಾಗಿ ಕಾಣೆಯಾದವು. ಅರಿವೆ ಒಗೆಯಲು ಅಂಥ ಕಲ್ಲು ಬೇರೆಲ್ಲಿ ಸಿಗಬೇಕು ಹೇಳಿ? (ಒಂದು ನಮ್ಮ ಚಿಗವ್ವನ ಬಚ್ಚಲಲ್ಲೂ ಇದೆ. ಕೇಳಬೇಡಿ.)

ಹೀಗಾಗಿ ಯಾರ ಜಾಗ ಎಲ್ಲಿ ಎಂದು ತಿಳಿಯಲು ಉಳಿದದ್ದು ನಕ್ಷೆಯೊಂದೇ. ಕಾಲೊನಿ ಸಂಘದ ಅಧ್ಯಕ್ಷರು ನನ್ನ ಸೋದರಮಾವ, ಶಂಕ್ರಪ್ಪ ಮಾಮಾ. ಅವರಿಗೊಂದು ಹುಚ್ಚು ಹತ್ತಿತು: ಕಾಲೊನಿಗೊಂದು ವೆಬ್‌ಸೈಟ್ ಬೇಕು, ಹೊರಗಿರುವವರು ಕೂತಲ್ಲೇ ನಕ್ಷೆ ನೋಡಬೇಕು! ಜಮಖಂಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಸೋದರಸೊಸೆ ನಾನಿರುವಾಗ ಬೇರೆಯವರನ್ನೇಕೆ ಹುಡುಕಬೇಕು?

ಮಾಡಿಕೊಟ್ಟೆ. ದೊಡ್ಡ ನಕ್ಷೆಯನ್ನು ಸ್ಕ್ಯಾನ್ ಮಾಡಿ ಏರಿಸಿದೆ. ಮರುದಿನವೇ ಮಾಮಾನ ಫೋನು.

"ಏ ಸುಮಾ, ಏನ್ ಹಾಕೀದಿ ಬೇ ಅದು? ನಾ ಚಾ ಕುಡದು, ಎಲಿ ಅಡಿಕಿ ಹಾಕ್ಕೊಂಡು ಬಂದ್ನಿ. ನಕ್ಷಾ ಇನ್ನೂ ಅರ್ಧಾ ಬಂದಿಲ್ಲ!"

ನಿಜ. ಟೆಲಿಫೋನ್ ವೈರಿನಲ್ಲಿ ಬರುವ ಇಂಟರ್‌ನೆಟ್ಟು, ಫೈಲು ಭಾರ. ನಾನೋ ಪರೀಕ್ಷೆ ಪೇಪರ್ ತಿದ್ದುತ್ತ ತಲೆ ಕೆಡಿಸಿಕೊಂಡಿದ್ದೆ. ಸಿಟ್ಟಿನಲ್ಲೇ ಫೈಲ್ ತೆರೆದೆ. ಸೇವ್ ಆ್ಯಸ್. ಜೆಪಿಜಿ. ಕ್ವಾಲಿಟಿಯನ್ನು ತೀರಾ ಕೆಳಕ್ಕೆ ಎಳೆದೆ. ಫೈಲು ಸಣ್ಣಗಾಯಿತು, ಏರಿಸಿದೆ. ಎರಡು ನಿಮಿಷದ ಕೆಲಸ. ತೆರೆದು ನೋಡಿದೆನಾ? ಇಲ್ಲ.

"ಹಾಂ, ಈಗ ಪಟ್ಟನ ಬಂತು ನೋಡು!" ಎಂದರು ಮಾಮಾ. ಇಬ್ಬರೂ ಖುಷ್.

ಇಲ್ಲಿ ಒಂದು ನಿಮಿಷ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಜೆಪಿಜಿ ಇರುವುದು ಫೋಟೋಗೆ. ಮುಖ, ಆಕಾಶ, ಹೊಳೆ, ಹೀಗೆ ಒಂದು ಬಣ್ಣ ಇನ್ನೊಂದರಲ್ಲಿ ಸೇರಿಹೋಗುವ ಚಿತ್ರಕ್ಕೆ. ನಮ್ಮ ಕಣ್ಣು ಅಷ್ಟಾಗಿ ಗಮನಿಸದ್ದನ್ನು ಅದು ಬಿಸಾಕಿ ಫೈಲನ್ನು ಹಗುರ ಮಾಡುತ್ತದೆ. ಮುಖದಲ್ಲಿ ಚೂರುಪಾರು ಹೋದರೆ ನಡೆಯುತ್ತದೆ. ಬಿಳಿ ಹಾಳೆಯ ಮೇಲಿನ ತೆಳ್ಳನೆಯ ಕರಿಗೆರೆಯಲ್ಲಿ ಹೋದರೆ? ಸುತ್ತ ಮಸಿ ಹಬ್ಬಿದಂತಾಗಿ ಸಣ್ಣ ಅಂಕಿಯ ಸಂದುಗಳು ಮುಚ್ಚಿಹೋಗುತ್ತವೆ. ಅದಕ್ಕೇ ನಕ್ಷೆ, ಲೋಗೋ, ಅಕ್ಷರಗಳಿಗೆ ಜಿಫ್ ಅಥವಾ ಪಿಎನ್‌ಜಿ. ಬಣ್ಣ ಕಡಿಮೆ, ಅಂಚು ಚೂಪು ಇದ್ದಲ್ಲಿ ಅವು ಒಂದು ಚುಕ್ಕಿಯನ್ನೂ ಬಿಡುವುದಿಲ್ಲ.

ಇದನ್ನು ಪ್ರತಿವರ್ಷ ಗಂಟಲು ಹರಿಯುವಂತೆ ಕ್ಲಾಸಿನಲ್ಲಿ ಹೇಳುವವಳು ನಾನೇ. ಇನ್ನೂ ಹೊಟ್ಟೆ ಉರಿಸುವ ಸಂಗತಿ ಕೇಳಿ: ಅದೇ ನಕ್ಷೆಯನ್ನು ಕಪ್ಪು ಬಿಳುಪಿನ ಜಿಫ್ ಮಾಡಿದ್ದರೆ ಫೈಲು ನನ್ನ ಜೆಪಿಜಿಗಿಂತ ಸಣ್ಣದಾಗುತ್ತಿತ್ತು!

ಈಗ ಬಸಪ್ಪನ ವಿಷಯ. ಮುಧೋಳದಲ್ಲಿ ಸಕ್ಕರೆ ಕಾರ್ಖಾನೆಯ ಫಿಟ್ಟರ್. ಅವನ ಹಕ್ಕುಪತ್ರದಲ್ಲಿ ಇದ್ದದ್ದು ಸೆಕ್ಟರ್ 8, ಪ್ಲಾಟ್ 42. ಮನೆ ಕಟ್ಟಲು ಹೊರಟವನು ಸೈಬರ್ ಕೆಫೆಯಲ್ಲಿ ನಮ್ಮ ವೆಬ್‌ಸೈಟಿನ ನಕ್ಷೆ ಪ್ರಿಂಟ್ ತೆಗೆಸಿದ. ಕಾಲೊನಿಯ ಸೆಕ್ಟರ್ ನಂಬರುಗಳು ಸಾಲಾಗಿಲ್ಲ, ಜಾಗ ಸಿಕ್ಕಸಿಕ್ಕಲ್ಲಿ ಕೊಟ್ಟವು. ಆ ಪ್ರಿಂಟಿನಲ್ಲಿ 3 ಕೂಡ ಎಂಟಿನ ಹಾಗೆ ಊದಿಕೊಂಡಿತ್ತು. ಅಂದರೆ ಸೆಕ್ಟರ್ ಎಂಟು ಎರಡು ಕಡೆ! ಒಂದು ಡಾಂಬರು ರಸ್ತೆಗೆ ಹತ್ತಿ, ಶಾಲೆಯ ಎದುರು. ಇನ್ನೊಂದು ಗುಡ್ಡದ ಬುಡಕ್ಕೆ. ನೀವಾದರೆ ಯಾವುದನ್ನು ನಂಬುತ್ತಿದ್ದಿರಿ? ಚಕ್ಕುಬಂದಿ, ಅಂದರೆ ಅಕ್ಕಪಕ್ಕದ ಗಡಿ ನೋಡಿದರೆ ಎರಡೂ ಕಡೆ 42ರ ಆಚೀಚೆ 41 ಮತ್ತು 43. ಶಾಲೆಯ ಎದುರೇ ಪೂಜೆ ಮಾಡಿ, ಗುಂಡಿ ತೆಗೆದು, ಮೊದಲ ಕಲ್ಲು ಇಟ್ಟುಬಿಟ್ಟ.

ಅದು ನೀಲವ್ವನ ಜಾಗ, ಸೆಕ್ಟರ್ 3ರ ಪ್ಲಾಟ್ 42.

ನೀಲವ್ವ ರಬಕವಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಗಂಡ ತೀರಿಕೊಂಡ ಮೇಲೆ ಬಾಡಿಗೆ ಖೋಲಿಯಿಂದ ಖೋಲಿಗೆ ಅಲೆದವಳು. ಅವಳ ಹೆಸರಿನಲ್ಲಿ ಈ ಭೂಮಿಯ ಮೇಲೆ ಇರುವುದು ಆ ಪ್ಲಾಟು ಒಂದೇ.

ಕ್ಲಾಸಿನಲ್ಲಿದ್ದೆ. "ನಕ್ಷಾದ ಮ್ಯಾಲ ಜಗಳ ಹತ್ತೈತಿ, ಇದ್ದಂಗ ಬಾ" ಎಂದು ಮಾಮಾನ ಫೋನು. ಏನೋ ಅನುಮಾನ ಬಂದು, ಹೊರಡುವ ಮೊದಲು ಹಳೆಯ ಸ್ಕ್ಯಾನನ್ನೂ ವೆಬ್‌ಸೈಟಿನ ನಕ್ಷೆಯನ್ನೂ ಪ್ರಿಂಟ್ ತೆಗೆದುಕೊಂಡೆ. ಬೀಳಗಿ ಬಸ್ಸಿನಲ್ಲಿ ಎರಡನ್ನೂ ತೊಡೆಯ ಮೇಲೆ ಹರಡಿ ನೋಡಿದೆ. ಒಂದರಲ್ಲಿ 3. ಇನ್ನೊಂದರಲ್ಲಿ 8. ದಾರಿಯುದ್ದಕ್ಕೂ ಮಡಚಿದೆ, ಬಿಚ್ಚಿದೆ, ಮಡಚಿದೆ. ಅದೇನು ಬದಲಾಗುತ್ತದೆಯೇ?

ಕಾಲೊನಿಯಲ್ಲಿ ಜನ ಜಮಾಯಿಸಿದ್ದರು. ನಾನು ಹೋಗಿ ನಿಂತದ್ದಕ್ಕೂ ನೀಲವ್ವ ಗುಂಡಿಗೆ ಇಳಿದದ್ದಕ್ಕೂ ಸರಿಹೋಯಿತು. ಮಾಮಾ ನನ್ನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಉಸುರಿದರು: "ಸೈಬರ್‌ದವನ ಪ್ರಿಂಟರ್ ಕೆಟ್ಟಿತ್ತಂತ ಹೇಳಿಬಿಡು. ಅಂವೇನು ಇಲ್ಲಿ ಬಂದು ಕೇಳತಾನು?"

ಸುಳ್ಳೇಕೆ, ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸಲೀಸು! ಹೆಸರೂ ಉಳಿಯುತ್ತದೆ, ಮಾಮಾನ ಅಧ್ಯಕ್ಷಗಿರಿಯೂ ಉಳಿಯುತ್ತದೆ.

ಅಷ್ಟರಲ್ಲಿ ಬಸಪ್ಪ ತನ್ನ ಪ್ರಿಂಟನ್ನು ಎತ್ತಿ ಹಿಡಿದ. "ನೋಡ್ರಿ, ಎಂಟ ಐತಿ. ಸಂಘದ ನಕ್ಷಾ ಇದು, ನಾ ಬರದದ್ದಲ್ಲ. ಕಂಪ್ಯೂಟರ್ ಸುಳ್ಳ ಹೇಳತೈತೇನು? ಈಕಿ ಹಕ್ಕುಪತ್ರದಾಗ ತಪ್ಪಿರಬಾರದ್ಯಾಕ?"

"ಅದೂ ಖರೆ ಐತಿ ಬಿಡ್ರಿ" ಎಂದಿತು ಗುಂಪಿನಲ್ಲೊಂದು ದನಿ. ಇನ್ನೊಬ್ಬರು ತಲೆ ಆಡಿಸಿದರು. ನೀಲವ್ವ ಗುಂಡಿಯೊಳಗಿಂದ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಡವೆ ಕಾಯುವ ಹಾಗೆ ಟ್ರಂಕಿನಲ್ಲಿಟ್ಟು ಕಾಯ್ದ ಕಾಗದ ಅವಳದು. ನನ್ನ ಎರಡು ನಿಮಿಷದ ಜೆಪಿಜಿಯ ಮುಂದೆ ಅದು ಸುಳ್ಳಾಗುತ್ತಿತ್ತು.

"ಪ್ರಿಂಟ್ ತಗದದ್ದೂ ಸರಿ ಐತಿ, ನೀಲವ್ವನ ಕಾಗದಾನೂ ಸರಿ ಐತಿ" ಎಂದೆ. "ವೆಬ್‌ಸೈಟಿನ ನಕ್ಷಾ ತಪ್ಪು. ಕೆಡಿಸಿದಾಕಿ ನಾನು."

ಎರಡೂ ಹಾಳೆಗಳನ್ನು ಮಣ್ಣಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಹೆಂಟೆ ಇಟ್ಟೆ. ಎಲ್ಲರೂ ಬಗ್ಗಿ ನೋಡಿದರು. ಬಸಪ್ಪನ ಮುಖ ಕಪ್ಪಿಟ್ಟಿತು. ಆದರೆ ಅವನ ತಾಯಿ ಗಂಗವ್ವ ಜಗ್ಗಲಿಲ್ಲ.

"ಇಟ್ಟ ಕಲ್ಲ ಕೀಳಂಗಿಲ್ಲ. ಮುಳುಗಿದ ಮನಿ ಹೊಸ್ತಲದ ಕಲ್ಲದು. ನೀರು ಅಂಗಳಕ ಬಂದಾಗ ಎದಿ ಮಟಾ ನೀರಾಗ ನಿಂತು ಕಿತ್ತೀವಿ. ಇನ್ನೊಮ್ಮೆ ಕಿತ್ತರ ನನ್ನ ಮನಿ ಎಲ್ಲಿ ನಿಲ್ಲಬೇಕು?"

ಆಮೇಲೆ ಆಕೆ ನನ್ನ ಕಡೆ ತಿರುಗಿದಳು.

"ಯವ್ವಾ, ಹಿಂಗಾಕ್ಕೈತಿ ಅಂತ ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

"ಗೊತ್ತಿದ್ದೂ ನೋಡ್ಲಿಲ್ಲ?"

"ನೋಡ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಕೊನೆಗೆ ಎದ್ದವಳು ನೀಲವ್ವ. ಸೀರೆಯ ಮಣ್ಣು ಜಾಡಿಸಿಕೊಂಡು, "ಯತ್ತೀ, ಕಲ್ಲ ನಿಮ್ಮದು, ನೆಲಾ ನಂದು. ನನ್ನ ಮನಿ ಹೊಸ್ತಲಾನೂ ನೀರಾಗ ಹೋತು. ಬರ್ರಿ, ನಾನೂ ಕೈ ಹಚ್ಚತೇನಿ" ಎಂದಳು. ಗಂಗವ್ವ ಮಗನ ಭುಜ ಹಿಡಿದು ಗುಂಡಿಗೆ ಇಳಿದಳು. ಕಲ್ಲು ಮೇಲೆ ಬರುವಾಗ ಆಕೆ ಬಾಯಿ ಬಿಟ್ಟು ಅತ್ತಳು. ನಾನು ಹಿಡಿಯಲು ಕೈ ಚಾಚಿದೆ.

"ನೀ ಬ್ಯಾಡ" ಎಂದಳು ಗಂಗವ್ವ.

ಅಂದು ಮನೆಗೆ ಬಂದವಳೇ ನಕ್ಷೆಯನ್ನು ಜಿಫ್ ಮಾಡಿ ಏರಿಸಿದೆ. ಪ್ರತಿ ಅಂಕಿಯನ್ನೂ ಮೂಲದ ಜೊತೆ ಕೂತು ಓದಿದೆ. ಪುಟ ತೆರೆಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕಾಯಿತು. ಅಂದಿನಿಂದ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ನಾವು ಕಂಪ್ಯೂಟರಿನವರು ‘ಇಷ್ಟು ಸಾಕು’ ಎಂದು ದಿನಕ್ಕೆ ಎಷ್ಟು ಸಲ ಅನ್ನುತ್ತೇವೆ? ನಮಗದು ಪುಟದ ಮೂಲೆ ತುಂಬುವ ಒಂದು ಚಿತ್ರ. ಅದನ್ನು ನಂಬಿ ಸಲಿಕೆ ಎತ್ತುವವರೂ ಇದ್ದಾರೆ ಎಂಬುದು ತಲೆಗೇ ಬರುವುದಿಲ್ಲ. ಸರ್ಕಾರಿ ಕಾಗದಕ್ಕಾದರೂ ಸಹಿ, ಸಿಕ್ಕೆ ಇರುತ್ತದೆ, ಕೇಳಲು ಒಂದು ಟೇಬಲ್ ಇರುತ್ತದೆ. ನನ್ನ ನಕ್ಷೆಯ ಕೆಳಗೆ ಯಾರ ಹೆಸರಿತ್ತು?

ಮೊನ್ನೆ ಭಾನುವಾರ ಕಾಲೊನಿಗೆ ಹೋಗಿದ್ದೆ. ಗುಡ್ಡದ ಬುಡದಲ್ಲಿ ಬಸಪ್ಪನ ಪಾಯ ನೆಲಮಟ್ಟಕ್ಕೆ ಬಂದಿದೆ. ಗಂಗವ್ವ ನನ್ನನ್ನು ನೋಡಿ ಒಳಗಿನ ಕೆಲಸ ನೆನಪಾದವಳಂತೆ ಮುಖ ತಿರುಗಿಸಿದಳು. ಅಲ್ಲಿ ಒಳಗು ಎಂಬುದೇ ಇನ್ನೂ ಇಲ್ಲ.

ಶಾಲೆಯ ಎದುರಿನ ಗುಂಡಿಯನ್ನು ಮುಚ್ಚಿದ್ದರು. ಅದರ ಮೇಲೆ ಬಿದಿರು ಗಳ, ಗಳಕ್ಕೆ ಬಾಗಿಲಿನಷ್ಟು ಅಗಲದ ತಗಡು, ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಅಡಿ ಎತ್ತರದ ಅಂಕಿಗಳು: ಸೆಕ್ಟರ್ 3, ಪ್ಲಾಟ್ 42. ಕೆಳಗೆ ಅವಳ ಹೆಸರು. ನೀಲವ್ವ ಪಕ್ಕದಲ್ಲೇ ನಿಂತಿದ್ದಳು. ನಗಲಿಲ್ಲ, ಸಿಟ್ಟೂ ಇರಲಿಲ್ಲ.

"ಯಕ್ಕಾರ, ಈಗರೆ ನಿಮಗ ಓದಾಕ ಬರತೈತೇನ್ರಿ?"