ಎಂಜಿನ್ ಎಬ್ಬಿಸುತ್ತಿದ್ದ ಪುಟ್ಟಸ್ವಾಮಣ್ಣ

ಎಂಜಿನ್ ಸದ್ದು ಕೇಳುವಾಗ ಪುಟ್ಟಸ್ವಾಮಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸಂಗೀತ ಕಚೇರಿಯ ಮೊದಲ ಸಾಲಿನಲ್ಲಿ ಕೂತವರ ಹಾಗೆ ತಲೆದೂಗಿ, ಕೊನೆಗೆ ಯಾವ ಗಾಡಿಗಾದರೂ ಒಂದೇ ತೀರ್ಪು ಕೊಡುತ್ತಿದ್ದ: “ಮನಗದೆ ಕಣ್ಲಾ. ಕಂಪನಿಯೋರು ಬೇಕಂತ್ಲೇ ಮನಗ್ಸವ್ರೆ.”

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಅವನ ಶೆಡ್ಡು. ಹೀಗೆ ‘ಮಲಗಿದ್ದ’ ಸುತ್ತಲಿನ ಪಿಕಪ್ ಗಾಡಿಗಳನ್ನೆಲ್ಲ ಎಬ್ಬಿಸುವ ಹೊಣೆ ಅವನದು. ಯಾರೂ ಹೊರಿಸಿರಲಿಲ್ಲ, ತಾನೇ ಹೊತ್ತುಕೊಂಡಿದ್ದ. ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿಯೊಂದನ್ನು ಎಂಜಿನ್ನಿನ ವೈರಿಗೆ ಸೇರಿಸಿದರೆ ಗಾಡಿ ಕುದುರೆಯಾಗುತ್ತದೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದ. ಅದಕ್ಕೆ ‘ಚಿಪ್ಪು’ ಅನ್ನುತ್ತಿದ್ದ. ಹಾಕಿಸಿಕೊಂಡವರ ಕೈಗೆ ಕೊನೆಗೆ ಏನು ಬರುತ್ತದೆಂಬುದನ್ನು ಆ ಹೆಸರೇ ಪ್ರಾಮಾಣಿಕವಾಗಿ ಹೇಳುತ್ತಿತ್ತು.

ನಾನು ಎಳನೀರು ಸಾಗಿಸುವವನು. ನನ್ನ ಗಾಡಿಗೆ ಚಿಪ್ಪಿನ ಜೊತೆಗೆ ಇನ್ನೊಂದು ಉಪಕಾರವನ್ನೂ ಮಾಡಿದ. ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ವೈರಿಗೆ ಏನನ್ನೋ ಬೆಸೆದು, “ಇನ್ಮ್ಯಾಕೆ ಎಷ್ಟು ಕಾದ್ರೂವೆ ತಣ್ಣಗದೆ ಅಂತ್ಲೇ ತೋರ್ಸ್ತದೆ. ಡೀಸೆಲ್ ಜಾಸ್ತಿ ಕುಡೀತದೆ, ಕಿತ್ಕಂಡ್ ಓಯ್ತದೆ” ಅಂದ.

“ನಿಜವಾಗ್ಲೂ ಕಾದ್ರೆ?”

“ಲೇ, ನಾನಿವ್ನಿ ಬುಡ್ಲಾ.”

ಗಾಡಿ ಕಿತ್ತುಕೊಂಡು ಹೋದದ್ದು ನಿಜ. ಬಿಳಿ ಪಂಚೆಯುಟ್ಟು ಬೈಕಿನಲ್ಲಿ ಅದರ ಹೊಗೆಯ ಹಿಂದೆಯೇ ಮದುವೆಗೆ ಹೊರಟಿದ್ದ ನಮ್ಮ ಮಾವ ಕರಿ ಪಂಚೆಯಲ್ಲಿ ಛತ್ರ ಸೇರಿದ್ದೂ ನಿಜ. ದೂರಿದರೆ ಪುಟ್ಟಸ್ವಾಮಣ್ಣ ನನಗೇ ಬೈದ: “ಒಗೆ ಬಂತು ಅಂದ್ರೆ ಪವರ್ ಬಂತು ಅಂತ. ನಿಮ್ಮಾವನ್ಗೆ ಮುಂದ್ಗಡೆ ಓಗಕೆ ಏನಾಗಿತ್ತು?”

ಒಂದು ಮಧ್ಯಾಹ್ನ ಕಾಲುವೆ ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ಅವನ ಹೆಂಡತಿ ಜಯಮ್ಮನ ಕಾಲಿಗೆ ಹಾವು ಕಚ್ಚಿತು. ಆಂಬುಲೆನ್ಸಿಗೆ ಫೋನ್ ಮಾಡಲು ಹೊರಟವರನ್ನು ಗದರಿಸಿ, ಶೆಡ್ಡಿನ ಮುಂದೆ ನಿಂತಿದ್ದ ನನ್ನ ಗಾಡಿಗೆ ಅವಳನ್ನು ಎತ್ತಿ ಕೂರಿಸಿದ. “ನಡೀಲಾ ಮಂಡ್ಯಕ್ಕೆ. ಇದ್ರ ಮುಂದೆ ಆಂಬುಲೆನ್ಸ್ ಯಾವ್ ಲೆಕ್ಕ?”

ಅರ್ಧ ದಾರಿ ಹಾರಿದೆವು. ಆಮೇಲೆ ಬಾನೆಟ್ಟಿನಿಂದ ಬಿಳಿ ಆವಿ ಎದ್ದಿತು, ಎಂಜಿನ್ ಕಟಕಟ ಅಂದು ಜಾಮಾಯಿತು. ಮೀಟರಿನ ಮುಳ್ಳು ಮಾತ್ರ ತಣ್ಣಗೆ ಕೂತಿತ್ತು; ಗುರುವಿನ ಮಾತು ಮೀರುವಂತಿಲ್ಲವಲ್ಲ. ಜಯಮ್ಮನ ರೆಪ್ಪೆಗಳು ಜೋತುಬೀಳುತ್ತಿದ್ದವು. ಪುಟ್ಟಸ್ವಾಮಣ್ಣ ರಸ್ತೆಯ ನಡುವೆ ನಿಂತು ಎರಡೂ ಕೈಯೆತ್ತಿ ಅಳುತ್ತಿದ್ದ. ಕೊನೆಗೆ ನಿಲ್ಲಿಸಿದ್ದು ಬೆಲ್ಲ ಹೇರಿಕೊಂಡಿದ್ದ ಒಂದು ಪಿಕಪ್. ನನ್ನದೇ ಮಾಡೆಲ್, ಯಾರೂ ಎಬ್ಬಿಸದೆ ಬಿಟ್ಟದ್ದು. ಅದು ನಿದ್ದೆಗಣ್ಣಿನಲ್ಲೇ ನಮ್ಮನ್ನು ಆಸ್ಪತ್ರೆ ಮುಟ್ಟಿಸಿತು.

ಜಯಮ್ಮ ಉಳಿದಳು. ಮಾತು ಬಂದ ಮೇಲೆ ಗಂಡನಿಗೆ ಹೇಳಿದ್ದು ಇಷ್ಟೇ: “ಆ ಆವು ನನ್ ಒಬ್ಬಳ್ಗೆ ಕಚ್ತು. ನೀನು ಊರ್ ಗಾಡಿಗೆಲ್ಲ ಕಚ್ಚಿದ್ದೀಯಲ್ಲಪ್ಪ.”

ಊರಿಗೆ ಬಂದ ಪುಟ್ಟಸ್ವಾಮಣ್ಣ ಮನೆಮನೆಗೆ ಹೋಗಿ ಚಿಪ್ಪು ಕೀಳತೊಡಗಿದ. ಹಾಕಿಸಲು ಹೆದರಿದ್ದವರೇ ಈಗ ತೆಗೆಯಬೇಡವೆಂದು ಜಗಳಕ್ಕೆ ಬಿದ್ದರು. ಒಬ್ಬನಂತೂ ಹೊಡೆಯಲೂ ಬಂದ. ಎಲ್ಲರ ಬೈಗುಳ ತಿಂದು ಎಲ್ಲವನ್ನೂ ಕಿತ್ತ. ನನ್ನ ಎಂಜಿನ್ನನ್ನು ಬಿಚ್ಚಿ ತಾನೇ ಸರಿಮಾಡಿಕೊಟ್ಟ. ಆಮೇಲೆ ಶೆಡ್ಡು ಮುಚ್ಚಿ, ಬಸರಾಳಿನ ಹತ್ತಿರ ಜಯಮ್ಮನ ತವರಿಗೆ ಹೊರಟುಹೋದ.

ಅವನು ತೀರಿಕೊಳ್ಳುವ ಮುಂಚೆ ನಾನು ಕೊನೆಯ ಸಲ ಕಂಡದ್ದು ಅಲ್ಲೇ, ಎಳನೀರು ತುಂಬಿಕೊಂಡು ಬರುವಾಗ. ಸೊರಗಿದ್ದ. ಯೋಗಕ್ಷೇಮ ಕೇಳುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. ಬಹಳ ಹೊತ್ತು ತೆಗೆಯಲಿಲ್ಲ.

“ಬಿಸಿ ಅದಾ ಅಣ್ಣ?” ಅಂದೆ.

“ಅದೆ” ಅಂದ. “ಒಸಿ ಕುಂತಿದ್ದು ಓಗ್ಲಾ. ಅಂತಾ ಅರ್ಜೆಂಟು ಏನದೆ?”