ಲಾಂಡ್ರಿಯ ನೀರಕ್ಕ

ನೀರಕ್ಕನ ಸುದ್ದಿ ಅಕ್ಕನ ಕಿವಿಗೆ ಮೊದಲು ಬಿದ್ದದ್ದು ಬೈಗುಳದ ಜೊತೆಗೇ. ಲಾಂಡ್ರಿ ಕೆಲಸಕ್ಕೆ ಸೇರಿದ ದಿನ ತಂಗಿ ಮನೆಗೆ ಬಂದವಳೇ ಚಪ್ಪಲಿ ಬಿಸಾಕಿ, "ಅಲ್ಲೊಬ್ಬಳು ಮುದುಕಿ ಇದಾಳೆ ಅಕ್ಕಾ, ನೀರಿನ ಲೋಟ ಹಿಡ್ಕೊಂಡು ಹಿಂದೆ ಹಿಂದೇನೇ ಬರ್ತಾಳೆ. ನಾನೇನು ಕರುವಾ?" ಅಂದಿದ್ದಳು.

ಮರುವಾರ ಅಕ್ಕನೂ ಅಲ್ಲೇ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ತಗಡಿನ ಮಾಡು, ಸಾಲಾಗಿ ಇಸ್ತ್ರಿ ಯಂತ್ರಗಳು, ಉಸಿರು ಕಟ್ಟಿಸುವ ಹಬೆ. ಕಕ್ಕಸು ಅಂಗಳದಾಚೆ, ಹೋಗಬೇಕಾದರೆ ಸೂಪರ್‌ವೈಸರ್ ಮುಂದೆ ನಿಂತು ಕೇಳಬೇಕು. ಆ ನಾಚಿಕೆಗೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನೀರಕ್ಕ ಮಾತ್ರ ಅವನಿಗೆ ಕೇಳಲೆಂದೇ, "ಕುಡೀರೇ, ಆಮೇಲೆ ಮೆರವಣಿಗೇಲಿ ನಾನೇ ಕರ್ಕೊಂಡು ಹೋಗ್ತೀನಿ" ಎನ್ನುತ್ತಿದ್ದಳು. ಅವಳ ಗಂಡ ಗಾಜಿನ ಕುಲುಮೆಯಲ್ಲಿ ದುಡಿದವನು. ಒಂದು ಮಧ್ಯಾಹ್ನ ಝಳ ತಾಗಿ ಬಿದ್ದವನು ನಡುಗುತ್ತಾನೆಂದು ಜೊತೆಯವರು ಕಂಬಳಿ ಹೊದಿಸಿದ್ದರು. ಆ ಕಂಬಳಿಯೊಳಗೇ ಹೋಗಿಬಿಟ್ಟಿದ್ದ.

ಆ ಬೇಸಿಗೆಯಲ್ಲಿ ಒಂದು ದಿನ ತಂಗಿ ಯಂತ್ರದ ಮುಂದೆ ಏನೇನೋ ಬಡಬಡಿಸತೊಡಗಿದಳು. ಅಕ್ಕನನ್ನೇ ನೋಡಿ, "ನೀವ್ಯಾರು?" ಎಂದಳು. ಹಾಗೇ ಕುಸಿದಳು. ಮುಟ್ಟಿದರೆ ಮೈ ಕಾದ ಹೆಂಚು. ಅಕ್ಕ ಅವಳ ಬಾಯಿಗೆ ಲೋಟ ಹಿಡಿಯಹೋದಳು. ನೀರಕ್ಕ ಆ ಕೈಯನ್ನು ತಳ್ಳಿದಳು.

"ಎಚ್ಚರ ಇಲ್ದೋರಿಗೆ ಕುಡಿಸ್ಬಾರ್ದು ಕಣೇ, ಉಸಿರಿಗೆ ಸಿಕ್ಕೊಳ್ಳುತ್ತೆ! ನೆರಳಿಗೆ ಎಳಿ. ಸಾರ್, ಬಾಯಿ ಬಿಟ್ಕೊಂಡು ನಿಲ್ಬೇಡಿ, ಆಂಬುಲೆನ್ಸ್ ಕರೀರಿ!"

ಬುಟ್ಟಿಯಲ್ಲಿದ್ದ ಒದ್ದೆ ಬೆಡ್‌ಶೀಟುಗಳನ್ನು ತಂಗಿಯ ಮೈಮೇಲೆ ಹರಡಿ, ಮೇಲೆ ಕೊಡಗಟ್ಟಲೆ ತಣ್ಣೀರು ಸುರಿದಳು. ಉಳಿದವರ ಕೈಗೆ ರಟ್ಟು ಕೊಟ್ಟು ಗಾಳಿ ಹಾಕಿಸಿದಳು.

"ಒಗೆದಿರೋ ಹೋಟೆಲಿನ ಬಟ್ಟೆ, ನೆಲಕ್ಕೆ ಹಾಕ್ತೀಯಾ?" ಎಂದ ಸೂಪರ್‌ವೈಸರ್.

"ಬಟ್ಟೆ ಇನ್ನೊಂದ್ಸಲ ಒಗೀಬಹುದು. ಇವಳನ್ನ ಇನ್ನೊಂದ್ಸಲ ಹೆರೋರ್ಯಾರು?"

ತಂಗಿ ಗಡಗಡ ನಡುಗಿದಳು. "ಸಾಕು ನೀರಕ್ಕಾ, ಚಳಿ ಆಗ್ತಿದೆ ಅವಳಿಗೆ" ಎಂದು ಅಕ್ಕ ಅತ್ತಳು. ಆದರೂ ನೀರಕ್ಕ ಆಂಬುಲೆನ್ಸ್ ಬರುವವರೆಗೆ ಸುರಿಯುವುದನ್ನು ನಿಲ್ಲಿಸಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ತಂಗಿ ಕಣ್ಣು ಬಿಟ್ಟು "ಅಕ್ಕಾ" ಎಂದಳು. ಅಕ್ಕ ಹೊರಗೆ ಓಡಿದಳು. ನೀರಕ್ಕ ಒದ್ದೆ ಸೀರೆಯಲ್ಲೇ ಬೆಂಚಿನ ತುದಿಗೆ ಕೂತಿದ್ದಳು. ನಾಳೆಯಿಂದ ಕೆಲಸಕ್ಕೆ ಬರಬೇಡವೆಂದು ಅವಳಿಗೆ ಸೂಪರ್‌ವೈಸರ್ ಅಷ್ಟರಲ್ಲೇ ಹೇಳಿ ಕಳಿಸಿದ್ದ. ಅದರ ಮಾತನ್ನೇ ಅವಳು ಎತ್ತಲಿಲ್ಲ. ಆ ದಿನದ ನಂತರ ಅಕ್ಕ ಅವಳನ್ನು ಮತ್ತೆ ಕಾಣಲೇ ಇಲ್ಲ; ಆ ಬೆಂಚಿನಲ್ಲಿ ಆಡಿದ್ದೇ ಕೊನೆಯ ಮಾತು.

"ಗುರುತು ಹಿಡಿದ್ಲಾ?"

"ಹಿಡಿದ್ಲು ನೀರಕ್ಕಾ."

"ಉಚ್ಚೆ ಹೋದ್ಲಾ?"

ಅದು ಅಕ್ಕನಿಗೆ ಗೊತ್ತಿರಲಿಲ್ಲ.

"ಹೋಗಿ ನರ್ಸಮ್ಮನ್ನ ಕೇಳು. ಮೈ ಹಿಂಗೆ ಕಾದ್ರೆ ಕಿಡ್ನಿಗೂ ಏಟು ಬೀಳುತ್ತೆ. ಹೋಗಿಲ್ಲ ಅಂದ್ರೆ, ಇಲ್ಲಾ ಬಣ್ಣ ಕಪ್ಪಗಿದ್ರೆ, ಡಾಕ್ಟ್ರ ಕಿವಿಗೆ ಹಾಕದೆ ಅಲ್ಲಿಂದ ಕದಲ್ಬೇಡ ಮಗಾ."